ಒಂದೇ ಶೆಲ್ಫ್, ಒಂದೇ ಬಿಸಿಲು, 22 ಕಲ್ಲು: ಆರು ಮಾತ್ರ ಯಾಕೆ ಕೆಟ್ಟವು?

ಮೊದಲು ಗಮನಿಸಿದ್ದು ನಾನಲ್ಲ, ಅಕ್ಕನ ಮಗಳು. ಶೆಲ್ಫ್ ಒರೆಸೋಣ ಅಂತ ಅಮೆಥಿಸ್ಟ್ (ನೇರಳೆ ಸ್ಫಟಿಕ) ಗೊಂಚಲನ್ನು ಎತ್ತಿ ಅವಳ ಕೈಗೆ ಕೊಟ್ಟಿದ್ದೆ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಾಮ, ಇದೇನು ಎರಡು ಕಲ್ಲು ಸೇರಿಸಿ ಅಂಟಿಸಿದ್ದಾರಾ?" ಅಂದಳು. ನಾನೂ ನೋಡಿದೆ. ಗೋಡೆಗೆ ಒತ್ತಿಕೊಂಡಿದ್ದ ಕಡೆ ಹರಳುಗಳು ಗಾಢ ನೇರಳೆ. ಕಿಟಕಿ ಕಡೆ ಮುಖ ಮಾಡಿದ್ದ ತುದಿಗಳು ಹೊಗೆ ಹಿಡಿದ ಗಾಜಿನ ಹಾಗೆ ಬೂದು. ಮೂರು ವರ್ಷದಿಂದ ದಿನಾ ಅದರ ಮುಂದೆ ಓಡಾಡುತ್ತಿದ್ದೇನೆ, ದಿನಾ ನೋಡುತ್ತಿದ್ದದ್ದಕ್ಕೇ ಗೊತ್ತಾಗಿರಲಿಲ್ಲ ಅನ್ನಿಸುತ್ತದೆ.

ಶೆಲ್ಫ್ ಇದ್ದದ್ದು ಪಶ್ಚಿಮದ ಕಿಟಕಿಯ ಪಕ್ಕ. ಮೂರು ಹಲಗೆ, ಮುಂದೆ ಬಾಗಿಲಿಲ್ಲ, ನಾನು ಕೂಡಿಟ್ಟ ಒಟ್ಟು 22 ಕಲ್ಲು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಸೀದಾ ಒಳಗೆ ಬರುತ್ತದೆ. ಅಲ್ಲೇ ಯಾಕೆ ಇಟ್ಟೆ ಅಂದರೆ, ಬೆಳಕು ಬಿದ್ದಾಗ ಹರಳು ಹೊಳೆಯುತ್ತದಲ್ಲ, ಅದಕ್ಕೇ. ನಡುವೆ ಗಾಜು ಇದೆ, ಗಾಜು ಯುವಿ (ಕಣ್ಣಿಗೆ ಕಾಣದ ನೇರಳಾತೀತ ಕಿರಣ) ತಡೆಯುತ್ತದೆ ಅನ್ನೋ ಧೈರ್ಯ ಬೇರೆ. ಆ ಧೈರ್ಯ ಅರ್ಧ ಮಾತ್ರ ಸರಿ. ನಮ್ಮ ಚರ್ಮ ಸುಡುವ ಯುವಿ-ಬಿಯ ಬಹುಪಾಲನ್ನು ಸಾಮಾನ್ಯ ಕಿಟಕಿ ಗಾಜು ನಿಲ್ಲಿಸುತ್ತದೆ, ಆದರೆ ಯುವಿ-ಎ ಬಹುಪಾಲು ಒಳಗೆ ಬಂದೇ ಬರುತ್ತದೆ. ಕಣ್ಣಿಗೆ ಕಾಣುವ ಬೆಳಕಂತೂ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ಕಲ್ಲಿನ ಬಣ್ಣ ತೆಗೆಯಲು ಇವೆರಡೂ ಸಾಕು. ಇದು ನನಗೆ ಆಗ ಗೊತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಎಲ್ಲಾ ಕಲ್ಲುಗಳನ್ನೂ ಇಳಿಸಿ ಬಿಳಿ ಹಾಳೆ ಮೇಲೆ ಜೋಡಿಸಿದೆ. ಹಳೆ ಫೋಟೊ ಇಟ್ಟುಕೊಂಡು ಹೋಲಿಸೋಣ ಅಂತ ನೋಡಿದರೆ ಎಲ್ಲವೂ ರಾತ್ರಿ ಹಳದಿ ಬಲ್ಬಿನಲ್ಲಿ ತೆಗೆದವು, ಬಿಳಿ ಸ್ಫಟಿಕವೂ ಅವುಗಳಲ್ಲಿ ಜೇನಿನ ಬಣ್ಣ. ಅವುಗಳಿಂದ ಉಪಯೋಗ ಆಗಲಿಲ್ಲ. ಉಪಯೋಗಕ್ಕೆ ಬಂದದ್ದು ಕಲ್ಲುಗಳ ತಳ, ಬೆನ್ನು, ಸ್ಟಿಕರ್ ಅಂಟಿಸಿದ್ದ ಜಾಗ. ಬೆಳಕು ಬೀಳದ ಕಡೆ ಒಂದು ಬಣ್ಣ, ಬಿದ್ದ ಕಡೆ ಇನ್ನೊಂದು ಇದ್ದರೆ ಅನುಮಾನವೇ ಬೇಡ ಅಲ್ವಾ. ಹಾಗೆ ತಿರುಗಿಸಿ ತಿರುಗಿಸಿ ನೋಡಿದಾಗ ಆರು ಕಲ್ಲು ಪಕ್ಕಾ ಕೆಟ್ಟಿದ್ದವು, 15 ಏನೂ ಆಗದೆ ಇದ್ದವು, ಒಂದರ ಬಗ್ಗೆ ಇವತ್ತಿಗೂ ತೀರ್ಮಾನ ಆಗಿಲ್ಲ.

ಅಮೆಥಿಸ್ಟ್ ಆಯಿತು. ಎರಡನೆಯದು ಹಸಿರು ಫ್ಲೋರೈಟ್, ಘನಾಕಾರದ ಹರಳುಗಳ ಒಂದು ತುಂಡು. ಅದರ ಹಸಿರು ಮಂಕಾಗಿ ಬೂದು ಬೆರೆತಿತ್ತು, ಜೊತೆಗೆ ಒಂದು ಮೂಲೆಯಲ್ಲಿ ಸೀಳು ಬಿಟ್ಟಿತ್ತು. ಫ್ಲೋರೈಟ್‌ಗೆ ನಾಲ್ಕು ದಿಕ್ಕಿನಲ್ಲಿ ಸಲೀಸಾಗಿ ಸೀಳುವ ಗುಣ ಇದೆ, ಬಿಸಿ-ತಂಪು ಥಟ್ಟನೆ ಬದಲಾದರೆ ತಡೆಯುವುದಿಲ್ಲ. ಸಂಜೆ ಬಿಸಿಲಿಗೆ ಕಾಯುವುದು, ಆಮೇಲೆ ಕಿಟಕಿ ತೆಗೆದಾಗ ತಣ್ಣಗಾಗುವುದು, ಇದೇ ಕಾರಣ ಅಂತ ನನ್ನ ಅಂದಾಜು. ಮೂರನೆಯದು ಕಂದು ಟೊಪಾಜ್, ಅಮೆರಿಕದ ಯೂಟಾದ್ದು. ಅಲ್ಲಿನ ಕಂದು ಟೊಪಾಜ್ ಬಿಸಿಲಿಗೆ ಬಿಟ್ಟರೆ ನೀರಿನ ಬಣ್ಣಕ್ಕೆ ತಿರುಗುತ್ತದೆ ಅನ್ನುವುದು ಸಂಗ್ರಹಕಾರರಿಗೆಲ್ಲ ಗೊತ್ತಿರುವ ವಿಷಯವಂತೆ, ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ಮೂರು ವರ್ಷದಿಂದ ಅದನ್ನು "ಬಿಳಿ ಟೊಪಾಜ್" ಅಂತ ಬಂದವರಿಗೆ ತೋರಿಸುತ್ತಿದ್ದೆ! ಚೀಟಿ ತೆಗೆದು ಓದಿದಾಗಲೇ ನೆನಪಾಯಿತು, ಅದು ತಂದಾಗ ಕಂದು ಇತ್ತು ಅಂತ.

ನಾಲ್ಕನೆಯದು ಗುಲಾಬಿ ಅಗೇಟ್ ಬಿಲ್ಲೆ. ಇದರಲ್ಲಿ ಕಲ್ಲಿನ ತಪ್ಪೇನೂ ಇಲ್ಲ, ಅದಕ್ಕೆ ಬಣ್ಣ ಹಾಕಿದ್ದರು. ಅಗೇಟ್ ಒಳಗೆ ಸಣ್ಣ ಸಣ್ಣ ರಂಧ್ರ ಇರುತ್ತವೆ, ಬಣ್ಣ ಹೀರಿಕೊಳ್ಳುತ್ತದೆ. ಕಣ್ಣು ಕುಕ್ಕುವ ಗುಲಾಬಿ, ನೇರಳೆ, ಕಡುನೀಲಿ ಬಿಲ್ಲೆ ಕಂಡರೆ ಬಣ್ಣ ಹಾಕಿದ್ದು ಅಂತಲೇ ಇಟ್ಟುಕೊಳ್ಳಿ. ಬಿರುಕಿನ ಗೆರೆಗಳಲ್ಲಿ ಬಣ್ಣ ಜಾಸ್ತಿ ನಿಂತಿದ್ದರೆ ಇನ್ನೂ ಗ್ಯಾರಂಟಿ. ಬಟ್ಟೆ ಬಿಸಿಲಿಗೆ ಮಾಸಿದ ಹಾಗೆ ಇದೂ ಮಾಸುತ್ತದೆ. ಅದೇ ಹಲಗೆ ಮೇಲೆ ಇದ್ದ ಸಹಜ ಕಂದುಗೆಂಪು ಅಗೇಟ್ ಮಾತ್ರ ತಂದ ದಿನದ ಹಾಗೇ ಇದೆ. ಅದರ ಬಣ್ಣ ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನ ಜಾತಿಯದು. ತುಕ್ಕು ಬಿಸಿಲಿಗೆ ಹೆದರುವುದುಂಟಾ?

ಐದನೆಯದು ಕುಂಜೈಟ್. ಇದರ ಕತೆ ಸ್ವಲ್ಪ ಉದ್ದ, ಯಾಕೆಂದರೆ ನಾನು ಇದರಲ್ಲಿ ಎರಡು ಸಲ ಮೋಸ ಹೋದೆ. 1902ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿದ ತಿಳಿ ಗುಲಾಬಿ-ನೇರಳೆ ಹರಳು ಇದು, ಜಾರ್ಜ್ ಫ್ರೆಡರಿಕ್ ಕುಂಜ್ ಅನ್ನುವ ರತ್ನತಜ್ಞರ ಹೆಸರನ್ನೇ ಇದಕ್ಕೆ ಇಟ್ಟರು. ಇದನ್ನು ಹಗಲು ಹಾಕಿಕೊಳ್ಳಬೇಡಿ, ಸಂಜೆ ಮಾತ್ರ ಹಾಕಿಕೊಳ್ಳಿ ಅಂತ ಆಭರಣದವರು ಹೇಳುವುದುಂಟು, ಅಷ್ಟು ಬೇಗ ಬಣ್ಣ ಬಿಡುತ್ತದೆ. ಒಂದು ವರ್ಷದ ಹಿಂದೆಯೇ ನನಗೆ ಅದು ತೆಳುವಾಗಿ ಕಂಡಿತ್ತು. ಆದರೆ ಕುಂಜೈಟ್‌ಗೆ ಇನ್ನೊಂದು ಗುಣ ಇದೆ, ಹರಳನ್ನು ಉದ್ದಕ್ಕೆ ಹಿಡಿದು ತುದಿಯಿಂದ ನೋಡಿದರೆ ಬಣ್ಣ ಗಾಢ, ಅಡ್ಡಕ್ಕೆ ನೋಡಿದರೆ ತಿಳಿ. "ಓ, ಅಡ್ಡ ಇಟ್ಟಿದ್ದೇನೆ, ಅದಕ್ಕೇ ಹೀಗೆ" ಅಂತ ಸಮಾಧಾನ ಮಾಡಿಕೊಂಡು ನಿಲ್ಲಿಸಿ ಇಟ್ಟೆ, ನಿಲ್ಲಿಸಿದ್ದಕ್ಕೆ ಬಿಸಿಲು ಇನ್ನೂ ಚೆನ್ನಾಗಿ ಬಿತ್ತು. ಈಗ ಅದನ್ನು ತುದಿಯಿಂದ ನೋಡಿದರೂ ಬಣ್ಣ ಇದೆಯಾ ಇಲ್ಲವಾ ಅಂತ ಯೋಚಿಸಬೇಕು.

ಆರನೆಯದು ಹೆದರಿಸಿದ್ದು. ಒಂದು ಪೆಟ್ಟಿಗೆ ಚಿಲ್ಲರೆ ಕಲ್ಲುಗಳ ಜೊತೆ ಹೆಸರು ಚೀಟಿ ಇಲ್ಲದೆ ಬಂದಿದ್ದ ಕೆಂಪು ಹರಳಿನ ತುಂಡು ಅದು. ಕೆಳಗಿನ ಹಲಗೆಯಲ್ಲಿ ಇಟ್ಟಿದ್ದೆ. ಅದರ ಸುತ್ತ ಹಳದಿ-ಕಿತ್ತಳೆ ಪುಡಿ ಉದುರಿತ್ತು, ನಾನು ಧೂಳು ಅಂದುಕೊಂಡಿದ್ದೆ. ಎತ್ತಲು ಹೋದರೆ ಒಂದು ಮೂಲೆ ಬೆರಳಲ್ಲೇ ಪುಡಿಯಾಯಿತು. ಕಲ್ಲು ಗೊತ್ತಿರುವ ಹಿರಿಯರೊಬ್ಬರಿಗೆ ಫೋಟೊ ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿ, "ರಿಯಾಲ್ಗರ್ ಥರ ಕಾಣ್ತಿದೆ ಕಣ್ರೀ, ಇನ್ನು ಮುಟ್ಟಬೇಡಿ, ಮೊದಲು ಕೈ ತೊಳ್ಕೊಳ್ಳಿ, ಮಕ್ಕಳಿದ್ರೆ ಅವರನ್ನ ಆಚೆ ಕಳಿಸಿ" ಅಂದರು. ನಮ್ಮ ಹಳೆ ಪುಸ್ತಕಗಳು ಮನಃಶಿಲೆ ಅನ್ನುವುದು ಇದನ್ನೇ. ಆರ್ಸೆನಿಕ್ ಅನ್ನುವ ವಿಷ ಮತ್ತು ಗಂಧಕ ಸೇರಿದ ಖನಿಜ. ಅಕ್ಕನ ಮಗಳ ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಸಿದೆ, ಆಮೇಲೆ ಕೈಗವಸು ಹಾಕಿಕೊಂಡು ಒದ್ದೆ ಕಾಗದದಿಂದ ಪುಡಿ ಒರೆಸಿ ತೆಗೆದೆ. ಪೊರಕೆ ಹಿಡಿದರೆ ಪುಡಿ ಗಾಳಿಗೆ ಏಳುತ್ತದೆ, ಹಾಗೆ ಮಾಡಲೇಬಾರದು.

ರಿಯಾಲ್ಗರ್ ಬೆಳಕಿಗೆ ಬಣ್ಣ ಬಿಡುವುದಲ್ಲ, ಬೇರೆ ಖನಿಜವೇ ಆಗಿಬಿಡುತ್ತದೆ. ಒಳಗಿರುವ ಪರಮಾಣುಗಳು ಅವೇ, ಜೋಡಣೆ ಮಾತ್ರ ಬದಲಾಗುತ್ತದೆ. ಆ ಹಳದಿ ಪುಡಿಯನ್ನು ಬಹಳ ಕಾಲ ಹರಿತಾಳ (ಆರ್ಸೆನಿಕ್‌ನದೇ ಇನ್ನೊಂದು ಹಳದಿ ಖನಿಜ) ಅಂದುಕೊಂಡಿದ್ದರು. ಅದು ಪ್ಯಾರಾರಿಯಾಲ್ಗರ್ ಅನ್ನುವ ಬೇರೆಯೇ ಖನಿಜ ಅಂತ 1980ರಲ್ಲಿ ವಿವರಿಸಿದರು. ಈ ಪ್ರಕರಣಕ್ಕೆ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಬದಲಾವಣೆ ಮಾಡಿಸುವುದು ಯುವಿ ಅಲ್ಲ, ಕಣ್ಣಿಗೆ ಕಾಣುವ ಬೆಳಕು, ಸುಮಾರು 500ರಿಂದ 670 ನ್ಯಾನೋಮೀಟರ್ ತರಂಗಾಂತರದ್ದು, ಅಂದರೆ ಹಸಿರಿನಿಂದ ಕೆಂಪಿನವರೆಗೆ. ಹಾಗಾಗಿ ಕಿಟಕಿ ಗಾಜಿಗೆ ಜಗತ್ತಿನ ಅತಿ ಒಳ್ಳೆಯ ಯುವಿ ಫಿಲ್ಮ್ (ಯುವಿ ತಡೆಯುವ ತೆಳು ಹಾಳೆ) ಅಂಟಿಸಿದರೂ ಇದಕ್ಕೆ ಪ್ರಯೋಜನ ಇಲ್ಲ. ಕತ್ತಲೆ ಒಂದೇ ದಾರಿ.

ಇಷ್ಟು ನೋಡಿದ ಮೇಲೆ ನನಗೆ ಒಂದು ಅರ್ಥವಾಯಿತು. "ಯಾವ ಕಲ್ಲು ಬಿಸಿಲಿಗೆ ಆಗಲ್ಲ" ಅಂತ ಪಟ್ಟಿ ಹುಡುಕುವುದಕ್ಕಿಂತ "ಈ ಕಲ್ಲಿಗೆ ಬಣ್ಣ ಎಲ್ಲಿಂದ ಬಂತು" ಅಂತ ಕೇಳಬೇಕು. ಮಲಕೈಟ್ ಹಸಿರು, ಯಾಕೆಂದರೆ ಅದು ತಾಮ್ರದ ಖನಿಜ. ತಾಮ್ರ ಇರುವ ತನಕ ಹಸಿರು ಇರುತ್ತದೆ. ಕೆಂಪು ಗಾರ್ನೆಟ್‌ನ ಕಬ್ಬಿಣವೂ ಹಾಗೇ, ಹರಳಿನ ಮೈಯ ಭಾಗವೇ ಅದು. ಅಮೆಥಿಸ್ಟ್ ಹಾಗಲ್ಲ. ಅದು ಮೂಲದಲ್ಲಿ ಬಣ್ಣವಿಲ್ಲದ ಸ್ಫಟಿಕ. ಒಳಗೆ ಒಂದಿಷ್ಟು ಕಬ್ಬಿಣ ಸೇರಿಕೊಂಡಿರುತ್ತದೆ, ಸುತ್ತಲಿನ ಬಂಡೆಗಳಿಂದ ಬರುವ ಸಹಜ ವಿಕಿರಣ ಲಕ್ಷಾಂತರ ವರ್ಷ ಬಿದ್ದು ಬಿದ್ದು ಆ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತು ಬೇರೆ ಕಡೆ ಸಿಕ್ಕಿಸಿರುತ್ತದೆ. ನೇರಳೆ ಬಣ್ಣ ಅಂದರೆ ಆ ಎಡವಟ್ಟೇ. ಗುಂಡಿಯೊಳಗೆ ಬಿದ್ದು ಕೂತ ಗೋಲಿ ಅಂದುಕೊಳ್ಳಿ. ಬಿಸಿಯೋ ಬೆಳಕೋ ಬಂದು ಕುಟ್ಟಿದರೆ ಗೋಲಿ ಚಿಮ್ಮಿ ಹಳೇ ಜಾಗಕ್ಕೆ ಹೋಗುತ್ತದೆ, ಅಲ್ಲಿಗೆ ಬಣ್ಣ ಹೋಯಿತು. ಗುಂಡಿ ಆಳ ಇದ್ದರೆ ನಿಧಾನ, ಆಳ ಕಡಿಮೆ ಇದ್ದರೆ ಬೇಗ. ಎಲ್ಲಾ ಅಮೆಥಿಸ್ಟ್ ಒಂದೇ ವೇಗದಲ್ಲಿ ಮಾಸುವುದಿಲ್ಲ, ಕೆಲವು ವರ್ಷಗಟ್ಟಲೆ ತಡೆಯುತ್ತವೆ. ಕಂದು ಟೊಪಾಜ್, ಬಹಳಷ್ಟು ಫ್ಲೋರೈಟ್‌ಗಳದ್ದೂ ಈ ಗೋಲಿ ಲೆಕ್ಕವೇ. ಸ್ಮೋಕಿ ಕ್ವಾರ್ಟ್ಜ್ ಅನ್ನುವ ಹೊಗೆಬಣ್ಣದ ಸ್ಫಟಿಕದ್ದೂ ಅದೇ, ಅಲ್ಲಿ ಕಬ್ಬಿಣದ ಬದಲು ಅಲ್ಯೂಮಿನಿಯಂ. ನಾನು ತೀರ್ಮಾನ ಆಗಿಲ್ಲ ಅಂದದ್ದು ಇದೇ ಸ್ಮೋಕಿ ಕ್ವಾರ್ಟ್ಜ್. ತಳವೂ ಮೇಲೂ ಒಂದೇ ಕಂದು, ಮಾಸಿದ್ದರೆ ಇಡೀ ಕಲ್ಲು ಸಮವಾಗಿ ಮಾಸಿರಬೇಕು.

ಗುಲಾಬಿ ಸ್ಫಟಿಕದ ಬಗ್ಗೆ ಒಂದು ಮಾತು. ರೋಸ್ ಕ್ವಾರ್ಟ್ಜ್ ಬಿಸಿಲಿಗೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನನ್ನ ದೊಡ್ಡ ಗಟ್ಟಿ ತುಂಡಿಗೆ ಏನೂ ಆಗಿರಲಿಲ್ಲ. ಎರಡು ಜಾತಿ ಇವೆ. ಹರಳಿನ ಮುಖಗಳಿಲ್ಲದ ಗಟ್ಟಿ ಉಂಡೆಗಳ ಬಣ್ಣ ಒಳಗಿರುವ ತೀರಾ ಸಣ್ಣ ಎಳೆಗಳಿಂದ ಬರುತ್ತದೆ, ಆ ಬಣ್ಣ ಬೆಳಕಿಗೆ ಸಾಕಷ್ಟು ತಡೆಯುತ್ತದೆ. ಚೂಪು ಮುಖಗಳಿರುವ ಗುಲಾಬಿ ಹರಳುಗಳು ಅಪರೂಪ, ಅವು ಗೋಲಿ ಜಾತಿಯವು, ಬೆಳಕಿಗೆ ಮಾಸುತ್ತವೆ. ಹೆಸರು ಒಂದೇ ಅಂತ ಎರಡನ್ನೂ ಒಂದೇ ಕಡೆ ಇಡಬೇಡಿ.

ಇನ್ನು ಏನೂ ಆಗದ 15ರಲ್ಲಿ ಒಂದು ಸ್ಫಟಿಕದ ಗೋಳ. ಬಣ್ಣವೇ ಇಲ್ಲ, ಮಾಸುವುದೇನು. ಅದನ್ನು ಎತ್ತಿಟ್ಟು ಹಲಗೆ ಒರೆಸುವಾಗ ಅದರ ಹಿಂದೆ ಒಂದು ಕಪ್ಪು ಗೆರೆ ಕಂಡಿತು, ಬೆರಳಿನಷ್ಟು ಉದ್ದ, ಸ್ವಲ್ಪ ಬಾಗಿದ್ದು. ಪೆನ್ನಿನ ಗೀರು ಅಂದುಕೊಂಡು ಉಜ್ಜಿದೆ, ಹೋಗಲಿಲ್ಲ. ಉಗುರಲ್ಲಿ ಕೆರೆದರೆ ಇದ್ದಿಲು. ಗೋಳ ಭೂತಗನ್ನಡಿ ಆಗಿ ಬಿಸಿಲನ್ನು ಒಂದು ಚುಕ್ಕಿಗೆ ತಂದು, ಸೂರ್ಯ ಇಳಿದ ಹಾಗೆ ಆ ಚುಕ್ಕಿ ಮೆಲ್ಲಗೆ ಸರಿದು, ಮರವನ್ನು ಸುಡುತ್ತಾ ಹೋಗಿದೆ. ಅಲ್ಲೇ ಪಕ್ಕದಲ್ಲಿ ಕರ್ಟನ್ ತೂಗುತ್ತಿತ್ತು. ಬಣ್ಣ ಹೋದ ಆರು ಕಲ್ಲುಗಳಿಗಿಂತ ಈ ಗೆರೆ ನೋಡಿಯೇ ನನಗೆ ಜಾಸ್ತಿ ಬೆವರು ಬಂತು. ಗಾಜಿನ ಅಥವಾ ಸ್ಫಟಿಕದ ಗೋಳ ಕಿಟಕಿ ಹತ್ತಿರ ಇದ್ದರೆ ಇದನ್ನು ಓದುವುದು ನಿಲ್ಲಿಸಿ ಮೊದಲು ಅದನ್ನು ಎತ್ತಿಡಿ, ಆಮೇಲೆ ಬನ್ನಿ.

ಏನು ಮಾಡಿದೆ ಅಂತ ಈಗ. ಮೊದಲ ಉಪಾಯ ಕರ್ಟನ್ ಮುಚ್ಚುವುದು. ಒಂದು ವಾರ ನಡೆಯಿತು. ದಿನಾ ಮೂರು ಗಂಟೆಗೆ ನೆನಪಿಟ್ಟುಕೊಂಡು ಕರ್ಟನ್ ಎಳೆಯುವ ಮನೆ ನಮ್ಮದಲ್ಲ. ಎರಡನೆಯದು ಕಿಟಕಿಗೆ ಯುವಿ ಫಿಲ್ಮ್. ಒಳ್ಳೆಯ ಫಿಲ್ಮ್ 99 ಶೇಕಡಾ ಯುವಿ ತಡೆಯುತ್ತದೆ, ಅದು ನಿಜ. ಆದರೆ ರಿಯಾಲ್ಗರ್ ನೋಡಿದ ಮೇಲೆ ನನಗೆ ಫಿಲ್ಮ್ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ, ಅದಕ್ಕೆ ಪರೀಕ್ಷೆ ಮಾಡಿದೆ. ಅಮೆಥಿಸ್ಟ್, ಕುಂಜೈಟ್, ಕಂದು ಟೊಪಾಜ್‌ಗಳ ಮುರುಕು ಚೂರುಗಳನ್ನು ಹೊಂದಿಸಿ, ಪ್ರತಿ ಚೂರಿನ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. ಒಂದು ಜೊತೆ ಬರೀ ಗಾಜಿನ ಹಿಂದೆ, ಒಂದು ಜೊತೆ ಫಿಲ್ಮ್ ಅಂಟಿಸಿದ ಗಾಜಿನ ಹಿಂದೆ, ಒಂದು ಜೊತೆ ಡ್ರಾಯರ್ ಒಳಗೆ. ತಿಂಗಳಿಗೊಮ್ಮೆ ಫಾಯಿಲ್ ಬಿಚ್ಚಿ, ಬಿಳಿ ಹಾಳೆ ಮೇಲಿಟ್ಟು, ಬೆಳಿಗ್ಗೆಯ ಅದೇ ಹೊತ್ತಿಗೆ ಫೋಟೊ.

ಬರೀ ಗಾಜಿನ ಹಿಂದಿದ್ದ ಟೊಪಾಜ್ ಮೊದಲ ತಿಂಗಳೇ ಕೈಕೊಟ್ಟಿತು. ಫಾಯಿಲ್ ಬಿಚ್ಚಿದಾಗ ಕಂದು ಅರ್ಧ, ಬಿಳಿ ಅರ್ಧ, ನಡುವೆ ಮಸುಕಾದ ಗಡಿ. ಕುಂಜೈಟ್ ಎರಡನೇ ತಿಂಗಳಿಗೆ. ಫಿಲ್ಮ್ ಹಿಂದಿದ್ದವು ನಿಧಾನವಾದವು, ಆದರೆ ನಿಲ್ಲಲಿಲ್ಲ: ಆರು ತಿಂಗಳಿಗೆ ಅಲ್ಲಿನ ಕುಂಜೈಟ್‌ನಲ್ಲೂ ವ್ಯತ್ಯಾಸ ಕಾಣುತ್ತಿತ್ತು. ಅಮೆಥಿಸ್ಟ್‌ನಲ್ಲಿ ಆರು ತಿಂಗಳಿಗೆ ನನ್ನ ಕಣ್ಣಿಗೆ ಹಿಡಿಯುವಷ್ಟು ಬದಲಾವಣೆ ಎಲ್ಲೂ ಆಗಲಿಲ್ಲ. ಡ್ರಾಯರ್ ಒಳಗಿಟ್ಟಿದ್ದ ಜೊತೆ ಹಾಗೇ ಇತ್ತು. ಬೆರಳೆಣಿಕೆಯ ಚೂರುಗಳ ಪರೀಕ್ಷೆ ಇದು, ದೊಡ್ಡ ಸಂಶೋಧನೆ ಏನಲ್ಲ, ಆದರೆ ನನ್ನ ಕಿಟಕಿ ಬಗ್ಗೆ ನನಗೆ ಬೇಕಾದ ಉತ್ತರ ಸಿಕ್ಕಿತು.

ಲೆಕ್ಕ ಕೂಡ ಹಾಕಿದೆ. ಬೆಳಕಿಗೆ ಬೇಗ ಕೆಡುವ ವಸ್ತುಗಳಿಗೆ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಅನ್ನುವ ಅಳತೆ) ಮಿತಿ ಇಟ್ಟುಕೊಳ್ಳುತ್ತಾರೆ. ಬಯಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ನನ್ನ ಹಲಗೆ ಮೇಲೆ ನಾಲ್ಕು ಗಂಟೆಗೆ ಫೋನಿನ ಆ್ಯಪ್ 38,000 ತೋರಿಸಿತು, ಫೋನಿನ ಲೆಕ್ಕ ಒರಟು, ಇರಲಿ. ಬೆಳಕಿನ ಪೆಟ್ಟು ಬಿದ್ದಷ್ಟೂ ಕೂಡುತ್ತಾ ಹೋಗುತ್ತದೆ. 38,000ವನ್ನು 50ರಿಂದ ಭಾಗಿಸಿದರೆ 760. ಅಂದರೆ ನನ್ನ ಶೆಲ್ಫಿನ ಒಂದು ಗಂಟೆ ಬಿಸಿಲು, ದಿನಕ್ಕೆ ಹತ್ತು ಗಂಟೆ ದೀಪ ಹಾಕುವ ಮ್ಯೂಸಿಯಂನ 76 ದಿನಕ್ಕೆ ಸಮ. ಈ ಲೆಕ್ಕ ಆದ ಮೇಲೆ ಫಿಲ್ಮ್, ಕರ್ಟನ್ ಎಲ್ಲಾ ಬಿಟ್ಟು ಕಲ್ಲುಗಳ ಜಾಗವನ್ನೇ ಬದಲಾಯಿಸಿದೆ.

ಗೋಲಿ ಜಾತಿಯವು, ಒಂದನ್ನು ಬಿಟ್ಟು, ಎಲ್ಲಾ ಈಗ ಒಳಗೋಡೆಯ ಪಕ್ಕದ ಡ್ರಾಯರ್‌ನಲ್ಲಿ, ಪ್ರತಿಯೊಂದೂ ತನ್ನ ಕಾಗದದ ಡಬ್ಬಿಯಲ್ಲಿ, ಚೀಟಿ ಸಮೇತ. ಅನುಮಾನದ ಸ್ಮೋಕಿ ಕ್ವಾರ್ಟ್ಜ್ ಕೂಡ. ಯಾರಾದರೂ ಬಂದಾಗ ತೆಗೆದು ತೋರಿಸುತ್ತೇನೆ. ಮೊದಮೊದಲು ಬೇಜಾರಾಗುತ್ತಿತ್ತು, ಡ್ರಾಯರ್‌ನಲ್ಲಿಡಲು ಯಾಕೆ ತರಬೇಕು ಅಂತ. ಈಗ ಅನ್ನಿಸುವುದು ಬೇರೆ: ಶೆಲ್ಫ್ ಮೇಲಿದ್ದಾಗ ಯಾರೂ ಸರಿಯಾಗಿ ನೋಡುತ್ತಿರಲಿಲ್ಲ, ಈಗ ಡಬ್ಬಿ ಬಿಚ್ಚಿದರೆ ಐದು ನಿಮಿಷ ಕೈಯಲ್ಲಿ ಹಿಡಿದು ನೋಡುತ್ತಾರೆ. ತೋರಿಸಲು ಎಲ್‌ಇಡಿ ದೀಪ ಸಾಕು, ಬಿಳಿ ಎಲ್‌ಇಡಿಯಲ್ಲಿ ಯುವಿ ಇಲ್ಲವೆನ್ನುವಷ್ಟು ಕಡಿಮೆ, ಬಿಸಿಯೂ ಅಷ್ಟಿಲ್ಲ. ಹ್ಯಾಲೊಜನ್ ಬೇಡ, ಮುಚ್ಚಿದ ಗಾಜಿನ ಶೋಕೇಸ್ ಒಳಗಂತೂ ಅದು ಒಲೆ. ರಿಯಾಲ್ಗರ್ ಬಿಗಿ ಮುಚ್ಚಳದ ಕಪ್ಪು ಡಬ್ಬಿಯಲ್ಲಿದೆ, ಮೇಲೆ "ಆರ್ಸೆನಿಕ್, ಮುಟ್ಟಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದು, ಬೀಗ ಇರುವ ಕಪಾಟಿಗೆ ಹಾಕಿದ್ದೇನೆ.

ಕೆಲವರು ಕಲ್ಲಿಗೆ ಯುವಿ ತಡೆಯುವ ಸ್ಪ್ರೇ ಹೊಡೆಯಿರಿ, ಎಣ್ಣೆ ಸವರಿ ಅಂತ ಸಲಹೆ ಕೊಟ್ಟರು. ದಯವಿಟ್ಟು ಬೇಡ. ಮೇಲಿನ ಲೇಪ ಕಾಲ ಕಳೆದಂತೆ ಹಳದಿಯಾಗುತ್ತದೆ, ಹರಳಿನ ಸಂದಿಯಲ್ಲಿ ಕೂತರೆ ತೆಗೆಯಲು ಬರುವುದಿಲ್ಲ, ಕಾಣುವ ಬೆಳಕನ್ನಂತೂ ತಡೆಯುವುದಿಲ್ಲ. ಶಕ್ತಿ ತುಂಬುತ್ತದೆ ಅಂತ ನಂಬಿ ಹರಳನ್ನು ಬಿಸಿಲಿಗಿಟ್ಟು ಚಾರ್ಜ್ ಮಾಡುವವರೂ ಇದ್ದಾರೆ. ಅವರ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ, ಅಮೆಥಿಸ್ಟ್ ಇದ್ದರೆ ಬೆಳದಿಂಗಳಿಗೆ ಇಡಿ ಅಂತ ಮಾತ್ರ ಹೇಳುತ್ತೇನೆ. ಹುಣ್ಣಿಮೆ ಬೆಳಕು ಅರ್ಧ ಲಕ್ಸ್ ಕೂಡ ಇರುವುದಿಲ್ಲ, ಬಣ್ಣಕ್ಕೆ ಏನೂ ಆಗದು.

ಹೋದ ಬಣ್ಣ ವಾಪಸ್ ಬರುತ್ತದಾ ಅಂತ ಅಕ್ಕನ ಮಗಳು ಕೇಳಿದಳು. ಬೆಳಕಿಗೆ ಮಾಸಿದ ಅಮೆಥಿಸ್ಟ್‌ಗೆ ಪ್ರಯೋಗಾಲಯದಲ್ಲಿ ಗಾಮಾ ವಿಕಿರಣ ಕೊಟ್ಟರೆ ಗೋಲಿ ಮತ್ತೆ ಗುಂಡಿಗೆ ಬೀಳಬಹುದು, ಆದರೆ ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಸುಲಭವಾಗಿ ವಾಪಸ್ ಬರುವುದು ಹ್ಯಾಕ್‌ಮನೈಟ್‌ನಂಥ ಒಂದೆರಡು ಕಲ್ಲುಗಳಿಗೆ ಮಾತ್ರ, ಅದು ಬೆಳಕಿಗೆ ಬಿಳುಚಿಕೊಂಡರೂ ಯುವಿ ಟಾರ್ಚ್ ಹಿಡಿದರೆ ಮತ್ತೆ ಗುಲಾಬಿ-ನೇರಳೆ ಆಗುತ್ತದೆ. "ಹಾಗಾದ್ರೆ ಅದನ್ನೇ ತರೋದಲ್ವಾ ಮಾಮ" ಅಂದಳು. ತರಬೇಕು.

ಕಿಟಕಿ ಪಕ್ಕದ ಶೆಲ್ಫ್ ಖಾಲಿ ಬಿಟ್ಟಿಲ್ಲ. ಮಲಕೈಟ್ ಹಿಂದೆ, ಉಳಿದಂತೆ ಗಾರ್ನೆಟ್, ಹೆಮಟೈಟ್, ಕಪ್ಪು ಟೂರ್ಮಲೀನ್, ಜಾಸ್ಪರ್, ಕಂದು ಅಗೇಟ್ ಮುಂದೆ. ಎರಡು ಬಣ್ಣದ ಅಮೆಥಿಸ್ಟ್ ಗೊಂಚಲನ್ನೂ ಬೇಕೆಂದೇ ಅಲ್ಲಿ ಬಿಟ್ಟಿದ್ದೇನೆ, ಈ ಸಲ ನೇರಳೆ ಬೆನ್ನು ಕಿಟಕಿ ಕಡೆಗೆ, ಅದರ ಅರ್ಧಕ್ಕೆ ಫಾಯಿಲ್ ಸುತ್ತಿ. ಫಾಯಿಲ್ ಮೇಲೆ ಇವತ್ತಿನ ತಾರೀಕು ಬರೆದವಳು ಅಕ್ಕನ ಮಗಳು. ಮುಂದಿನ ವರ್ಷ ಬಂದಾಗ ತಾನೇ ಬಿಚ್ಚುತ್ತಾಳಂತೆ, ಅಲ್ಲಿಯವರೆಗೆ ನಾನು ಮುಟ್ಟುವ ಹಾಗಿಲ್ಲ.